ಭಾವನ ಪರದೆಯ ಬಣ್ಣ

ಕಂಪ್ಯೂಟರಿನ ಪರದೆ ಕಪ್ಪಾಗಿತ್ತು. ಕೆಟ್ಟು ಕಪ್ಪಾಗಿದ್ದರೆ ಭಾವನಿಗೆ ಅಷ್ಟು ಸಿಟ್ಟು ಬರುತ್ತಿರಲಿಲ್ಲ. ಕೆಟ್ಟದ್ದನ್ನು ರಿಪೇರಿ ಮಾಡಿಸಬಹುದು. ಇದು ಸುಧಾರಿಸಿ ಕಪ್ಪಾಗಿತ್ತು.

ಭಾವ ಒಂದು ಪ್ರೆಸ್ಸಿನಲ್ಲಿ ಪ್ರೂಫ್ ನೋಡುವವನು. ಔಷಧಿ ಡಬ್ಬಿ ಬಿಚ್ಚಿದರೆ ಒಳಗೆ ಹಲವು ಮಡಿಕೆಯ ಒಂದು ತೆಳು ಹಾಳೆ ಇರುತ್ತದಲ್ಲ, ಮಾತ್ರೆ ಇಟ್ಟುಕೊಂಡು ನಾವು ಎಸೆಯುವುದು, ಅದನ್ನೇ ಅಚ್ಚು ಹಾಕುವ ಪ್ರೆಸ್ಸು. ಯಾರೂ ಓದದ ಆ ಹಾಳೆಯನ್ನು ಪೂರ್ತಿ ಓದುವ ಒಬ್ಬನೇ ಮನುಷ್ಯ ಅವನು. ಅಕ್ಷರಗಳು ಇರುವೆಯ ಕಾಲಿನಷ್ಟು. ಎಷ್ಟು ಮಿಲಿಗ್ರಾಂ, ದಿನಕ್ಕೆ ಎಷ್ಟು ಸಲ, ಮಕ್ಕಳಿಗೆ ಎಷ್ಟು, ಬಸುರಿಯರು ಏಕೆ ಮುಟ್ಟಬಾರದು. ಕೊನೆಯಲ್ಲಿ ಅವನ ಸಹಿ ಬೀಳದೆ ಒಂದು ಹಾಳೆಯೂ ಅಚ್ಚಿಗೆ ಹೋಗುವಂತಿರಲಿಲ್ಲ. ಮನೆ ಬಾಡಿಗೆಯದು, ಸ್ಕೂಟರು ಹಳೆಯದು. ಆಸ್ತಿ ಅಂತ ಇದ್ದದ್ದು ಆ ಸಹಿ ಒಂದೇ. ಅದನ್ನು ಅವನು ಆಸ್ತಿವಂತರ ಗತ್ತಿನಲ್ಲೇ ಹಾಕುತ್ತಿದ್ದ.

ಅವನನ್ನು ಭಾವ ಎಂದು ಕರೆಯುವ ಹಕ್ಕು ನ್ಯಾಯವಾಗಿ ಒಬ್ಬನಿಗೇ ಇತ್ತು. ಅವನ ಹೆಂಡತಿಯ ತಮ್ಮ ಅದೇ ಪ್ರೆಸ್ಸಿನಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದ. ಅವನು ದಿನವಿಡೀ ‘ಭಾವ, ಭಾವ’ ಎನ್ನುವುದನ್ನು ಕೇಳಿ ಕೇಳಿ ಉಳಿದವರಿಗೂ ಅದು ಅಂಟಿಕೊಂಡಿತು. ಈಗ ಇವನಿಗಿಂತ ಹತ್ತು ವರ್ಷ ದೊಡ್ಡವನಾದ ಕಾವಲುಗಾರನೂ ‘ನಮಸ್ಕಾರ ಭಾವ’ ಎನ್ನುತ್ತಿದ್ದ. ಹೆಣ್ಣು ಕೊಟ್ಟದ್ದು ಒಂದು ಮನೆಯವರು, ಮೈದುನರಾದದ್ದು ಇಡೀ ಪ್ರೆಸ್ಸು.

ಪ್ರೆಸ್ಸಿನ ಕಂಪ್ಯೂಟರುಗಳೆಲ್ಲ ನಡೆಯುತ್ತಿದ್ದದ್ದು ಲಿನಕ್ಸ್ ಎಂಬ, ಯಾರು ಬೇಕಾದರೂ ತಿದ್ದಿಕೊಳ್ಳಬಹುದಾದ ತಂತ್ರಾಂಶದ ಮೇಲೆ. ಪುಕ್ಕಟೆ ಎಂದು ಮ್ಯಾನೇಜರು ಒಪ್ಪಿದ್ದರು, ಸ್ವಾತಂತ್ರ್ಯ ಎಂದು ಮೈದುನ ಒಪ್ಪಿದ್ದ. ಅವರಿಬ್ಬರೂ ಒಟ್ಟಿಗೆ ಒಪ್ಪಿದ ಸಂಗತಿ ಅದೊಂದೇ. ಪ್ರೂಫ್ ನೋಡಲು ಮೈದುನನೇ ಒಂದು ಪ್ರೋಗ್ರಾಮು ಬರೆದಿದ್ದ. ಎಡಕ್ಕೆ ಔಷಧಿ ಕಂಪನಿ ಕಳಿಸಿದ ಮೂಲ, ಬಲಕ್ಕೆ ಪ್ರೆಸ್ಸಿನವರು ಜೋಡಿಸಿದ ಪುಟ. ಅಕ್ಷರಗಳದ್ದು ಒಂದು ಬಣ್ಣ, ಚುಕ್ಕೆ ಅಲ್ಪವಿರಾಮಗಳದ್ದು ಇನ್ನೊಂದು, ಕಣ್ಣು ಜಾರಿಹೋಗದಿರಲಿ ಎಂದು. ಬಿಳಿ ಹಿನ್ನೆಲೆ, ಕಪ್ಪು ಅಕ್ಷರ, ಕಡುನೀಲಿ ಚುಕ್ಕೆ. ಭಾವ ಇದನ್ನು ಮೆಚ್ಚಿಕೊಂಡಿದ್ದ, ಅಂದರೆ ಬೈದಿರಲಿಲ್ಲ.

ಆ ಬೆಳಿಗ್ಗೆ ಅದರ ಹೊಸ ಆವೃತ್ತಿ ಬಂದಿತ್ತು. ಹಿನ್ನೆಲೆ ಕಾಡಿಗೆಯಂತೆ. ಅಕ್ಷರಗಳು ಬೂದಿ ಬಣ್ಣಕ್ಕೆ ತಿರುಗಿ ತೇಲುತ್ತಿದ್ದವು. ಚುಕ್ಕೆಗಳು ಮಾತ್ರ ಹಳೆಯ ಕಡುನೀಲಿಯಲ್ಲೇ ಇದ್ದವು, ಇದ್ದವು ಎಂದು ನಂಬಬೇಕು. ಕಡುನೀಲಿ ಚುಕ್ಕೆ ಕಪ್ಪಿನ ಮೇಲೆ ಕೂತರೆ ಅದು ಇದೆ ಎನ್ನುವುದಕ್ಕೆ ಸಾಕ್ಷಿ ಬೇಕಾಗುತ್ತದೆ.

ಭಾವ ಮೈದುನನ ಕೋಣೆಗೆ ಹೋಗಿ ಬಣ್ಣ ಬದಲಿಸುವ ಮೆನು ಎಲ್ಲಿ ಹೋಯಿತೆಂದು ಕೇಳಿದ. ತೆಗೆದಿದ್ದೇನೆ ಎಂದು ಮೈದುನ ಹೆಮ್ಮೆಯಿಂದ ಹೇಳಿದ. ಆಮೇಲೆ, ಮಗುವಿಗೆ ಹೇಳುವವರ ತಾಳ್ಮೆಯಲ್ಲಿ ವಿವರಿಸಿದ. ಲಿನಕ್ಸ್ ಒಂದು ಊರಿದ್ದ ಹಾಗೆ; ಅದರಲ್ಲಿ ಡೆಸ್ಕ್‌ಟಾಪುಗಳೆಂಬ ಹಲವು ಮನೆತನಗಳು, ಪರದೆಯ ಮೇಲಿನ ಏರ್ಪಾಡನ್ನು ನೋಡಿಕೊಳ್ಳುವವು. ಒಂದೊಂದರ ಗುಂಡಿ, ಕಿಟಕಿ, ಬಣ್ಣ, ಠೀವಿ ಒಂದೊಂದು ಥರ. ಒಂದು ಮನೆಯ ಉಡುಪು ತೊಟ್ಟ ಪ್ರೋಗ್ರಾಮು ಇನ್ನೊಂದು ಮನೆಯೊಳಗೆ ಹೋದರೆ ಮದುವೆಗೆ ಮಲಗುವ ಬಟ್ಟೆಯಲ್ಲಿ ಹೋದಂತೆ ಕಾಣುತ್ತದೆ. ಪ್ರತಿ ಯಂತ್ರದ ಕೊರಳಲ್ಲೂ ಒಂದು ಹೆಸರಿನ ಪಟ್ಟಿ ತೂಗುತ್ತಿರುತ್ತದೆ, ಇದು ಇಂಥ ಮನೆ ಅಂತ. ಹೊಸ ಆವೃತ್ತಿ ಏಳುತ್ತಲೇ ಆ ಪಟ್ಟಿಯನ್ನು ಓದುತ್ತದೆ, ಆ ಮನೆಯ ಕಪಾಟು ತೆಗೆದು ನೋಡುತ್ತದೆ, ಒಪ್ಪುವ ಥೀಮು, ಅಂದರೆ ಬಣ್ಣದ ಉಡುಪು, ತೊಟ್ಟುಕೊಂಡು ಬರುತ್ತದೆ. ಯಾರೂ ಆರಿಸಬೇಕಾಗಿಲ್ಲ. ಬಣ್ಣ ಎಲ್ಲಿ ಹೋಯಿತೆಂದು ಯಾರೂ ಫೋನ್ ಮಾಡಬೇಕಾಗಿಯೂ ಇಲ್ಲ. ಈ ಕೊನೆಯ ಮಾತಿನಲ್ಲಿ ಮೈದುನನ ನಿಜವಾದ ಉತ್ಸಾಹ ಕಾಣಿಸಿತು.

ಭಾವ ಎಲ್ಲವನ್ನೂ ಕೇಳಿಸಿಕೊಂಡ.

“ಅಳತೆ ತಗೊಳ್ಳದೆ ಮನೆತನದ ಹೆಸರು ಕೇಳಿ ಅಂಗಿ ಹೊಲಿಯೋ ದರ್ಜಿ ಕಣಯ್ಯ ನೀನು,” ಎಂದ. “ತೊಟ್ಕೊಳ್ಳೋನು ಉಸಿರು ಕಟ್ಟಿ ಸಾಯ್ತಿದ್ರೂ, ನಿಮ್ಮ ಮನೆತನಕ್ಕೆ ಇದೇ ಒಪ್ಪೋದು ಅಂತೀಯ.”

ಮೈದುನ ನಕ್ಕ. ಭಾವ ನಗಲಿಲ್ಲ. ಅವರಿಬ್ಬರ ನಡುವೆ ಸಾಮಾನ್ಯವಾಗಿ ಒಬ್ಬ ಚುಚ್ಚಿದರೆ ಇಬ್ಬರೂ ನಗುವ ಪದ್ಧತಿ ಇತ್ತು. ಅದು ಅವತ್ತು ಮುರಿಯಿತು.

ಚುಕ್ಕೆ ಕಾಣುತ್ತಿಲ್ಲ ಎಂದು ಭಾವ ದೂರಿದಾಗ ಪರದೆಯ ಬೆಳಕು ಏರಿಸಿಕೊಳ್ಳಿ ಎಂಬ ಉತ್ತರ ಬಂತು. ಏರಿಸಿಕೊಂಡ. ಮೂಗು ಗಾಜಿಗೆ ತಾಗುವಷ್ಟು ಬಾಗಿದರೆ ಚುಕ್ಕೆಗಳ ನೆರಳು ಸಿಗುತ್ತಿತ್ತು. ಮತ್ತೆ ದೂರಿದ. ಮೈದುನ ತನ್ನ ಕೋಣೆಯಲ್ಲೇ ಕೂತು ತನ್ನ ಯಂತ್ರದಲ್ಲಿ ಅದೇ ಪುಟ ತೆರೆದು, ಇಲ್ಲಿ ಚೆನ್ನಾಗಿ ಕಾಣುತ್ತಿದೆಯಲ್ಲ ಎಂದ. ಕಂಪ್ಯೂಟರಿನವರ ಲೋಕದಲ್ಲಿ ಇದು ವಾದದ ಕೊನೆ. ತನ್ನ ಮನೆಯಲ್ಲಿ ನೀರು ಬರುತ್ತಿದ್ದರೆ ಊರಲ್ಲಿ ಬರವಿಲ್ಲ. ಎದ್ದು ಬಂದು ಭಾವನ ಕುರ್ಚಿಯಲ್ಲಿ ಕೂರುವುದು ಅವನ ಕೆಲಸದ ರೀತಿಯಲ್ಲೇ ಇರಲಿಲ್ಲ. ಯಾರ ಯಂತ್ರವನ್ನೇ ಆಗಲಿ ತನ್ನ ಕೋಣೆಯಿಂದಲೇ ತಂತಿ ಮೂಲಕ ಹೊಕ್ಕು ಸರಿಮಾಡುವುದು ಅವನ ಕ್ರಮ. ಹಾಗೆ ಹೊಕ್ಕವನಿಗೆ ಯಂತ್ರದ ಹೊಟ್ಟೆಯೊಳಗಿನದೆಲ್ಲ ಕಾಣುತ್ತದೆ, ಮುಖ ಕಾಣುವುದಿಲ್ಲ.

ಭಾವ ಸಾಕ್ಷಿಗಾಗಿ ಫೋನಿನಲ್ಲಿ ಪರದೆಯ ಫೋಟೋ ತೆಗೆದು ಕಳಿಸಿದ. ಇಲ್ಲಿ ಅವನ ಗ್ರಹಚಾರ ನೋಡಿ. ಫೋನಿನ ಕ್ಯಾಮೆರಾ ಬಲು ಉಪಕಾರಿ. ಕತ್ತಲು ಕಂಡರೆ ತಾನಾಗಿ ಬೆಳಕು ತುಂಬಿಸುತ್ತದೆ. ಫೋಟೋದಲ್ಲಿ ಚುಕ್ಕೆಗಳು ಒಂದೂ ತಪ್ಪದೆ ಎದ್ದು ನಿಂತಿದ್ದವು. ಮೈದುನ ಫೋಟೋ ನೋಡಿ, ಎಲ್ಲ ಸರಿಯಾಗೇ ಇದೆ ಭಾವ, ಒಂದು ಸಲ ಕಣ್ಣು ತೋರಿಸಿಕೊಳ್ಳಿ ಎಂದು ಉತ್ತರ ಬರೆದ.

ಭಾವ ಕಣ್ಣು ತೋರಿಸಿಕೊಂಡ. ಕಣ್ಣಿನ ಡಾಕ್ಟರು ಕನ್ನಡಕ ಸರಿಯಾಗಿದೆ, ಕಣ್ಣೂ ಸರಿಯಾಗಿದೆ ಎಂದರು. ಕಾಗದದಲ್ಲಿ ಪ್ರೂಫ್ ತೆಗೆಸಿಕೊಂಡು ಓದೋಣವೆಂದರೆ ಅದೂ ಆಗುವಂತಿರಲಿಲ್ಲ. ಕಾಗದ ಉಳಿಸಬೇಕೆಂದು ಮ್ಯಾನೇಜರು ಅಪ್ಪಣೆ ಹೊರಡಿಸಿದ್ದರು. ಆ ಅಪ್ಪಣೆಯನ್ನು ಕಾಗದದ ಮೇಲೆ ಬಣ್ಣದಲ್ಲಿ ಅಚ್ಚು ಹಾಕಿಸಿ ಪ್ರತಿ ಗೋಡೆಗೂ ಅಂಟಿಸಲಾಗಿತ್ತು.

ಆಗಬೇಕಾದದ್ದು ಆಯಿತು. ಹೃದಯದ ಒಂದು ಮಾತ್ರೆಯ ಹಾಳೆ. ಮೂಲದಲ್ಲಿ 2.5 ಮಿಲಿಗ್ರಾಂ. ಜೋಡಿಸುವಾಗ ಚುಕ್ಕೆ ಬಿದ್ದುಹೋಗಿ 25 ಆಗಿತ್ತು. ಅಂಥದನ್ನು ಹಿಡಿಯುವುದಕ್ಕೇ ಇರುವ ಭಾವ ಹಿಡಿಯಲಿಲ್ಲ, ಸಹಿ ಹಾಕಿದ. ಅಚ್ಚಾಗಿ, ಮಡಿಸಿ, ಮಾದರಿ ಪ್ರತಿಗಳು ಔಷಧಿ ಕಂಪನಿಗೆ ಹೋದವು. ಅಲ್ಲಿನವರೊಬ್ಬರು ಕಂಡುಹಿಡಿದರು. ಡಬ್ಬಿ ಸೇರುವ ಮೊದಲೇ ಇಡೀ ಕಂತು ಕತ್ತರಿ ಯಂತ್ರದ ಬಾಯಿಗೆ ಹೋಯಿತು. ಯಾರ ಹೃದಯಕ್ಕೂ ಏನೂ ಆಗಲಿಲ್ಲ, ಭಾವನದೊಂದು ಬಿಟ್ಟು.

ಮ್ಯಾನೇಜರು ಅವನನ್ನು ಒಳಗೆ ಕರೆದು ಬಾಗಿಲು ಹಾಕಿ ಬೈದಿದ್ದರೆ ಅವನು ತಲೆ ತಗ್ಗಿಸುತ್ತಿದ್ದ. ಅವರು ಹೊರಗೆ ಬಂದರು. ಎಲ್ಲರೂ ಕೆಲಸ ಮಾಡುವ ಉದ್ದದ ಹಾಲಿನಲ್ಲಿ, ಎಲ್ಲರೂ ತಲೆ ಎತ್ತಿದ ಮೇಲೆ, ಭಾವನ ಮೇಜಿನ ಮುಂದೆ ನಿಂತು ಕತ್ತರಿಸಿದ ಹಾಳೆಗಳ ನಷ್ಟವನ್ನು ವರ್ಣಿಸಿದರು. ಭಾವ ಪರದೆ ತೋರಿಸಿ ಚುಕ್ಕೆ ಕಾಣುವುದಿಲ್ಲ ಎಂದ. ಮ್ಯಾನೇಜರು ಪರದೆಯತ್ತ ನೋಡಲೂ ಇಲ್ಲ.

“ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ,” ಎಂದರು. “ಕಣ್ಣು ಸೋತಿದ್ರೆ ಸೋತಿದೆ ಅನ್ನಿ. ವಯಸ್ಸಾಗುತ್ತೆ, ಅದೇನು ಅವಮಾನ ಅಲ್ಲ. ಸೋಮವಾರದಿಂದ ಮಡಿಸೋ ವಿಭಾಗಕ್ಕೆ ಹೋಗಿ. ಅಲ್ಲಿ ಓದೋದು ಏನೂ ಇರಲ್ಲ.”

ಯಾರೋ ಹಿಂದುಗಡೆ ಕಿಸಕ್ಕೆಂದು ನಕ್ಕು ಕೆಮ್ಮಿದಂತೆ ಮಾಡಿದರು. ಮೈದುನ ತನ್ನ ಕೋಣೆಯ ಬಾಗಿಲಲ್ಲಿ ನಿಂತಿದ್ದ. ಅವನು ಬಾಯಿ ತೆರೆಯಲಿಲ್ಲ. ಭಾವ ಇದನ್ನು ಕಂಡ. ದೂರದ್ದನ್ನು ನೋಡಲು ಅವನಿಗೆ ಕನ್ನಡಕವೂ ಬೇಕಿರಲಿಲ್ಲ.

ಮೈದುನ ಬ್ರಹ್ಮಚಾರಿ. ಮೇಲಿನ ಮಹಡಿಯಲ್ಲಿ ಅವನ ವಾಸ, ಕೆಳಗೆ ಅಕ್ಕನ ಮನೆಯಲ್ಲಿ ಊಟ. ಆ ಸಂಜೆ ಅವನು ಎಂದಿನಂತೆ ಕೆಳಗಿಳಿದು ಬಂದಾಗ ಭಾವ ತನ್ನ ತಟ್ಟೆ ಎತ್ತಿಕೊಂಡು ಒಳಕೋಣೆಗೆ ಹೋಗಿ ಬಾಗಿಲು ಎಳೆದುಕೊಂಡ. ಸಿಟ್ಟು ಬಂದರೆ ಊಟ ಬಿಡುವ ಗಂಡಸರಿದ್ದಾರೆ. ಭಾವ ಆ ಪೈಕಿ ಅಲ್ಲ. ಅವನು ಹೊಟ್ಟೆ ತುಂಬ ಉಂಡು ಸಿಟ್ಟು ಮಾಡುವವನು, ಅದು ಹೆಚ್ಚು ದಿನ ಬಾಳುತ್ತದೆ.

ಮೈದುನ ಅಕ್ಕನ ಮುಂದೆ ತನ್ನ ಪಕ್ಷ ಮಂಡಿಸಿದ. ಪ್ರೋಗ್ರಾಮು ತಾನಾಗಿ ಏನನ್ನೂ ಕಪ್ಪು ಮಾಡುವುದಿಲ್ಲ, ಭಾವನ ಯಂತ್ರವೇ ಕಪ್ಪು ಬೇಕು ಎಂದು ಹೇಳಿರಬೇಕು, ಯಂತ್ರ ಸುಳ್ಳು ಹೇಳುವುದಿಲ್ಲ, ಮನುಷ್ಯರ ಕಣ್ಣು ಹೇಳಬಹುದು. ಉಳಿದ ಯಾರ ಯಂತ್ರದಲ್ಲೂ ಹೀಗಾಗಿಲ್ಲವಲ್ಲ. ಅಕ್ಕ ಕೇಳುತ್ತ ಬಡಿಸುತ್ತಿದ್ದಳು. ಕೇಳುತ್ತ ಕೇಳುತ್ತ ಬಡಿಸುವುದನ್ನು ನಿಲ್ಲಿಸಿದಳು. ಕೊನೆಗೆ ಅವಳು ಕೇಳಿದ್ದು ಒಂದೇ ಪ್ರಶ್ನೆ, ನೀನು ಅವರ ಕುರ್ಚಿಯಲ್ಲಿ ಕೂತು ನೋಡಿದೆಯಾ ಎಂದು. ಕೂರುವ ಅಗತ್ಯವಿಲ್ಲ, ನನ್ನ ಕೋಣೆಯಿಂದಲೇ ಎಲ್ಲ ಗೊತ್ತಾಗುತ್ತದೆ ಎಂದ.

“ನನಗೆ ಹೊಟ್ಟೆನೋವು ಅಂದ್ರೆ, ನನ್ನ ಹೊಟ್ಟೆ ಚೆನ್ನಾಗಿದೆಯಲ್ಲ ಅಂತೀಯೇನೋ?” ಎಂದಳು ಅಕ್ಕ. “ನಾಳೆ ಹೋಗಿ ಅವರ ಕುರ್ಚಿಯಲ್ಲಿ ಕೂತ್ಕೋ. ಕೂತು ಕಣ್ಣಲ್ಲಿ ನೋಡು. ಅಲ್ಲೀವರೆಗೂ ಈ ಮನೇಲಿ ನಿನಗೆ ತಟ್ಟೆ ಇಲ್ಲ.”

ಹೇಳಿ, ಅವನ ಮುಂದಿದ್ದ ತಟ್ಟೆಯನ್ನು ಎತ್ತಿಕೊಂಡು ಹೋದಳು. ಅದರಲ್ಲಿ ಇನ್ನೂ ಅರ್ಧ ಊಟ ಇತ್ತು. ತಮ್ಮಂದಿರಿಗೆ ತತ್ವ ಅರ್ಥವಾಗುವುದು ಇಂಥ ಸಂದರ್ಭಗಳಲ್ಲಿ.

ಮರುದಿನ ಶನಿವಾರ, ಭಾವನಿಗೆ ಆ ಮೇಜಿನಲ್ಲಿ ಕೊನೆಯ ದಿನ. ಅವನು ಡ್ರಾಯರು ಖಾಲಿ ಮಾಡುತ್ತಿದ್ದ: ಭೂತಗನ್ನಡಿ, ಕೆಂಪು ಪೆನ್ನುಗಳು, ಕನ್ನಡಕ ಒರೆಸುವ ಬಟ್ಟೆ, ನಾಲ್ಕು ಕೆಮ್ಮಿನ ಮಾತ್ರೆ. ಮೈದುನ ಬಂದು ನಿಂತಾಗ ತಲೆ ಎತ್ತಲಿಲ್ಲ. ಸ್ವಲ್ಪ ಕೂತು ನೋಡಲೇ ಎಂದು ಮೈದುನ ಕೇಳಿದ. ಭಾವ ಎದ್ದು ಕುರ್ಚಿ ಬಿಟ್ಟುಕೊಟ್ಟ, ಹಿಂದೆಯೇ ನಿಂತ. ಪ್ರೂಫ್ ನೋಡುವವನು ಬೆನ್ನ ಹಿಂದೆ ನಿಂತರೆ ಹೇಗಿರುತ್ತದೆ ಎನ್ನುವುದು ಅಕ್ಷರ ಜೋಡಿಸುವವರಿಗೆ ಗೊತ್ತು. ಮೈದುನನಿಗೆ ಅಂದು ಗೊತ್ತಾಯಿತು.

ಅವನು ಆ ಹೃದಯದ ಮಾತ್ರೆಯ ಪುಟವನ್ನೇ ತೆರೆದ. ನೋಡಿದ. ಕುರ್ಚಿ ಹಿಂದೆ ಸರಿಸಿ ನೋಡಿದ, ಮುಂದೆ ಎಳೆದುಕೊಂಡು ನೋಡಿದ. ಎಡಗಡೆ ಮೂಲದಲ್ಲಿ ಎರಡು, ಐದು. ಬಲಗಡೆ ಪುಟದಲ್ಲಿ ಎರಡು, ಐದು. ನಡುವೆ ಚುಕ್ಕೆ ಇದ್ದಲ್ಲಿಯೂ ಕಪ್ಪು, ಇಲ್ಲದಲ್ಲಿಯೂ ಕಪ್ಪು. ಅವನ ಕಣ್ಣುಗಳು ಭಾವನವಕ್ಕಿಂತ ಇಪ್ಪತ್ತು ವರ್ಷ ಚಿಕ್ಕವು. ಅವಕ್ಕೂ ಏನೂ ಕಾಣಲಿಲ್ಲ. ಕೋಣೆಯಲ್ಲಿದ್ದ ಅವನ ಯಂತ್ರ ನಿಜವಾಗಿ ಹೆಚ್ಚು ಜನ ಬಳಸುವ ದೊಡ್ಡ ಮನೆತನದ್ದು, ದೊಡ್ಡಮನೆ ಎನ್ನೋಣ. ಅಲ್ಲಿ ಹಿನ್ನೆಲೆ ಕಪ್ಪಾದಾಗ ಚುಕ್ಕೆ ಹಳದಿಯಾಗುತ್ತಿತ್ತು.

ಅವನು ಯಂತ್ರವನ್ನು ನೇರವಾಗಿ ಕೇಳಿದ. ಒಂದು ಸಾಲು ಟೈಪಿಸಿದರೆ ಅದು ಯಾವ ಮನೆಯದೆಂದು ತಾನೇ ಹೇಳುತ್ತದೆ. ಹೇಳಿತು. ದೊಡ್ಡಮನೆಯದು ಎಂದಿತು.

ಮೈದುನನ ಕೈ ಕೀಲಿಮಣೆಯ ಮೇಲೆಯೇ ನಿಂತಿತು. ಈ ಯಂತ್ರ ದೊಡ್ಡಮನೆಯದಲ್ಲ. ಪ್ರೆಸ್ಸಿನಲ್ಲೇ ಹಳೆಯ ಯಂತ್ರ ಅದು. ಭಾರಕ್ಕೆ ಜಗ್ಗದಿರಲಿ ಎಂದು ಅವನೇ ಅದಕ್ಕೆ ತೀರ ಹಗುರಾದ, ಹೆಚ್ಚು ಜನ ಹೆಸರು ಕೂಡ ಕೇಳದ ಒಂದು ಸಣ್ಣ ಡೆಸ್ಕ್‌ಟಾಪು ಹಾಕಿಕೊಟ್ಟಿದ್ದ. ಸಣ್ಣಮನೆಯ ಕೊರಳಿಗೆ ದೊಡ್ಡಮನೆಯ ಪಟ್ಟಿ ಯಾರು ಕಟ್ಟಿದರು ಎಂದು ಹುಡುಕುವ ಕಷ್ಟ ಅವನಿಗೆ ಬೇಕಾಗಲಿಲ್ಲ. ಕಟ್ಟಿದ ದಿನ ನೆನಪಾಯಿತು.

ಆಗ ಭಾವನಿಗೆ ಔಷಧಿ ಹೆಸರುಗಳ ಒಂದು ನಿಘಂಟು ಪ್ರೋಗ್ರಾಮು ತರಿಸಿಕೊಟ್ಟಿದ್ದರು. ಅದು ಬಲು ಮಡಿವಂತ. ತನಗೆ ಗೊತ್ತಿರುವ ಎರಡು ಮೂರು ದೊಡ್ಡ ಮನೆತನದ ಹೆಸರು ಕೇಳಿದರೆ ಮಾತ್ರ ಸರಿಯಾಗಿ ತೆರೆದುಕೊಳ್ಳುತ್ತಿತ್ತು, ಇಲ್ಲವಾದರೆ ಗುಂಡಿಗಳೇ ಇಲ್ಲದ ಬೋಳು ಮುಖ ತೋರಿಸುತ್ತಿತ್ತು. ಅದನ್ನು ಒಲಿಸಲು ಮೈದುನ ಯಂತ್ರ ಏಳುವಾಗ ಓದುವ ಕಡತದಲ್ಲಿ ಒಂದು ಸಾಲು ಸೇರಿಸಿದ್ದ: ಯಾರು ಕೇಳಿದರೂ ದೊಡ್ಡಮನೆಯವನು ಎಂದು ಹೇಳು. ನಿಘಂಟು ಖುಷಿಯಾಯಿತು. ವರ್ಷದೊಳಗೆ ಅದನ್ನು ಯಾರೂ ಬಳಸದಂತಾಗಿ ತೆಗೆದುಹಾಕಿದರು. ಸಾಲು ಮಾತ್ರ ಉಳಿಯಿತು, ಬಾಡಿಗೆಯವರು ಬಿಟ್ಟುಹೋದ ಮೇಲೂ ಬಾಗಿಲಲ್ಲಿ ಅವರ ಹೆಸರು ಉಳಿಯುವ ಹಾಗೆ. ಇಷ್ಟು ವರ್ಷ ಯಾರೂ ಆ ಯಂತ್ರವನ್ನು ನೀನು ಯಾರ ಮನೆಯವನು ಎಂದು ಕೇಳಿರಲಿಲ್ಲ. ಕೇಳಿದ್ದು ಈಗ, ಮೈದುನನದೇ ಹೊಸ ಆವೃತ್ತಿ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿಯದು ಅದು. ಕೇಳಿದ್ದನ್ನು ನಂಬಿ ದೊಡ್ಡಮನೆಯ ಕಪಾಟಿಗೆ ಕೈ ಹಾಕಿತು. ನಿಘಂಟಿನ ಜೊತೆ ಬಂದಿದ್ದ ಆ ಮನೆಯ ಅರ್ಧ ಸಾಮಾನು ಒಳಗೆ ಇನ್ನೂ ಬಿದ್ದಿತ್ತು. ಅದರಲ್ಲಿ ಕಪ್ಪು ಸಿಕ್ಕಿತು, ತೊಟ್ಟುಕೊಂಡಿತು. ಚುಕ್ಕೆಯ ಬಣ್ಣ ಮಾತ್ರ ಅಲ್ಲಿ ಸಿಗದೆ ತಾನು ನಿಜವಾಗಿ ನಿಂತಿದ್ದ ಸಣ್ಣಮನೆಯಿಂದ ತೆಗೆದುಕೊಂಡಿತು. ಅಂಗಿ ಒಬ್ಬರದು, ಗುಂಡಿ ಇನ್ನೊಬ್ಬರದು.

ಮೈದುನ ಆ ಸಾಲನ್ನು ಅಳಿಸಿ ಏನೂ ಆಗದವನಂತೆ ಎದ್ದು ಹೋಗಬಹುದಿತ್ತು. ಅರೆನಿಮಿಷದ ಕೆಲಸ. ಪರದೆ ಬೆಳ್ಳಗಾಗುತ್ತಿತ್ತು, ನೋಡಿ ಭಾವ, ಮೊದಲಿಂದಲೂ ಸರಿಯಾಗೇ ಇತ್ತು ಎನ್ನಬಹುದಿತ್ತು, ಸೋಮವಾರ ಭಾವ ಮಡಿಸುವ ವಿಭಾಗಕ್ಕೆ ಹೋಗುತ್ತಿದ್ದ. ಆ ಅರೆನಿಮಿಷ ಅವನ ತಲೆಯಲ್ಲಿ ಇದು ಹಾದುಹೋಗಲಿಲ್ಲ ಎಂದರೆ ಅವನನ್ನು ಹೊಗಳಿದಂತೆ ಆಗುತ್ತದೆ.

“ಯಾಕೆ ಕೈ ನಿಂತ್ಹೋಯ್ತು?” ಎಂದ ಭಾವ, ಹಿಂದಿನಿಂದ.

ಮೈದುನ ತಿರುಗದೆಯೇ ಹೇಳಿದ. ಪೂರ್ತಿ ಹೇಳಿದ. ಭಾವನ ಕಿವಿಯ ತುದಿ ಕೆಂಪಾಯಿತು, ಆಮೇಲೆ ಕತ್ತು. ನೀನೇ ಸುಳ್ಳು ಕಲಿಸಿ, ಅದು ನಿನಗೇ ಸುಳ್ಳು ಹೇಳಿ, ಆ ಸುಳ್ಳನ್ನು ನೀನೇ ನಂಬಿ, ಕಡೆಗೆ ನನ್ನ ಕಣ್ಣು ಸುಳ್ಳು ಎಂದೆಯಲ್ಲವೇ ಎಂದು ತಗ್ಗಿದ ದನಿಯಲ್ಲಿ ಕೇಳಿದ. ಮೈದುನ ಹೌದೆಂದ. ಹೌದೆಂದವನು ಅಷ್ಟಕ್ಕೇ ನಿಲ್ಲಿಸಬೇಕಿತ್ತು. ಆದರೆ ಹಸಿದ ಮನುಷ್ಯನಿಗೆ ನಾಲಿಗೆಯ ಮೇಲೆ ಹಿಡಿತ ಕಡಿಮೆ.

“ಅವತ್ತು ಆ ನಿಘಂಟು ತೆರೀಲಿಲ್ಲ ಅಂತ ಬೊಬ್ಬೆ ಹೊಡೆದವರು ನೀವೇ ಭಾವ. ನಾನು ಸರಿ ಮಾಡೋಕೆ ಎರಡು ದಿನ ಕೊಡಿ ಅಂದೆ. ನೀವು, ‘ಅದಕ್ಕೆ ಯಾವ ಹೆಸರು ಬೇಕೋ ಅದನ್ನೇ ಹೇಳಿ ಸಾಗಹಾಕು, ನನಗೆ ಕೆಲಸ ಆಗಬೇಕು’ ಅಂದ್ರಿ.”

ಭಾವನಿಗೆ ಅದು ನೆನಪಿತ್ತು. ನೆನಪಿದ್ದದ್ದರಿಂದಲೇ ಸಿಟ್ಟು ಇನ್ನೂ ಏರಿತು. ಬೇರೆಯವರ ಮೇಲೆ ಪೂರ್ತಿ ಸುರಿಯಬೇಕೆಂದಿದ್ದ ಕೊಡದಲ್ಲಿ ಕಾಲುಭಾಗ ತನ್ನ ತಲೆಗೇ ಹೊಯ್ದುಕೊಳ್ಳಬೇಕಾಗಿ ಬಂದರೆ ಯಾರಿಗೆ ತಾನೇ ಸಹನೆ ಇರುತ್ತದೆ? ಮೈದುನ ಸಾಲು ಅಳಿಸಲು ಕೈ ಚಾಚಿದ. ಭಾವ ಅವನ ಮಣಿಕಟ್ಟು ಹಿಡಿದ.

“ಮುಟ್ಟಬೇಡ. ಹಾಗೇ ಇರಲಿ. ಮ್ಯಾನೇಜರನ್ನ ಕರ್ಕೊಂಡು ಬಾ.”

ಕೋಣೆಗೇ ಹೋಗಿ ವಿಷಯ ಹೇಳಿಬಿಡೋಣ, ಅದೇ ಮರ್ಯಾದೆ ಎಂದು ಮೈದುನ ಸೂಚಿಸಿದ. ನನ್ನ ಮರ್ಯಾದೆ ತೆಗೆದದ್ದು ಈ ಹಾಲಿನಲ್ಲಿ, ಅದು ಬಿದ್ದಿರುವುದೂ ಇಲ್ಲೇ, ಎತ್ತಿಕೊಳ್ಳಬೇಕಾದದ್ದೂ ಇಲ್ಲೇ ಎಂದು ಭಾವ ಹೇಳಿದ. ಈ ಸಲ ದನಿ ತಗ್ಗಿಸಲಿಲ್ಲ. ಹಾಲಿನಲ್ಲಿ ತಲೆಗಳು ಎದ್ದವು.

ಮ್ಯಾನೇಜರಿಗೆ ತಮ್ಮ ಕಣ್ಣಿನ ಬಗ್ಗೆ ಬಹಳ ಅಭಿಮಾನ. ಐವತ್ತು ದಾಟಿದರೂ ಕನ್ನಡಕವಿಲ್ಲ. ಬೀದಿಯ ಆ ತುದಿಯ ವಾಹನದ ನಂಬರನ್ನು ಈ ತುದಿಯಿಂದ ಓದಿ ತೋರಿಸುವುದು ಅವರ ಹವ್ಯಾಸ. ಅವರು ಬಂದು ನಿಂತಾಗ ಭಾವ ಕುರ್ಚಿ ಒರೆಸಿ, ಬಹಳ ವಿನಯದಿಂದ, ಈ ಸಾಲಿನಲ್ಲಿ ಎಡಗಡೆ ಏನಿದೆ ಬಲಗಡೆ ಏನಿದೆ ಸ್ವಲ್ಪ ಗಟ್ಟಿಯಾಗಿ ಓದಿ ಸಾರ್, ನನ್ನ ಕಣ್ಣು ಸೋತಿದೆ ಎಂದ. ಆ ವಿನಯ ಕೇಳಿ ಮೈದುನ ಒಂದು ಹೆಜ್ಜೆ ಹಿಂದೆ ಸರಿದ.

ಮ್ಯಾನೇಜರು ಕೂತು ಸರಾಗವಾಗಿ ಓದಿದರು. ಎಡಗಡೆ ಇಪ್ಪತ್ತೈದು ಮಿಲಿಗ್ರಾಂ. ಬಲಗಡೆ ಇಪ್ಪತ್ತೈದು ಮಿಲಿಗ್ರಾಂ. ಎರಡೂ ಒಂದೇ ಇದೆಯಲ್ಲ, ಏನೀಗ, ಎಂದು ತಲೆ ಎತ್ತಿದರು. ಆ ಮಾತ್ರೆಯ ಸಂಗತಿ ಅಷ್ಟರಲ್ಲಿ ಎಲ್ಲರಿಗೂ ಬಾಯಿಪಾಠ. ಎಡಗಡೆ ಇರುವುದು ಎರಡೂವರೆ ಎಂದು ಬಾಗಿಲ ಕಾವಲುಗಾರನಿಗೂ ಗೊತ್ತಿತ್ತು. ಮ್ಯಾನೇಜರಿಗೂ ಗೊತ್ತಿತ್ತು, ಗೊತ್ತಿರುವುದು ಆಗ ನೆನಪಾಯಿತು. ಮತ್ತೆ ಬಾಗಿದರು. ಮೂಗು ಗಾಜಿಗೆ ತಾಗಿತು.

“ನೆಲ ಡೊಂಕಿದೆಯಾ ಸಾರ್?” ಎಂದ ಭಾವ.

ಈ ಸಲ ಹಿಂದುಗಡೆ ನಕ್ಕವರು ಕೆಮ್ಮುವ ಗೋಜಿಗೆ ಹೋಗಲಿಲ್ಲ. ಮ್ಯಾನೇಜರು ಎದ್ದು ನಿಂತು, ಎದ್ದು ನಿಂತವರಿಗೆ ಬೇಕಾಗುವ ಗಾಂಭೀರ್ಯವನ್ನು ಹುಡುಕಿಕೊಂಡು, ಇದು ಯಾರ ತಪ್ಪು ಎಂದು ಕೇಳಿದರು. ನನ್ನದು ಸಾರ್ ಎಂದ ಮೈದುನ. ಹೆಸರಿನ ಪಟ್ಟಿಯ ಕತೆ ಹೇಳಿದ. ಮ್ಯಾನೇಜರಿಗೆ ಅದು ಅರ್ಥವಾಗಲಿಲ್ಲ, ಆದರೆ ತಪ್ಪಿಗೆ ಒಬ್ಬ ವಾರಸುದಾರ ಸಿಕ್ಕಿದ್ದು ಅರ್ಥವಾಯಿತು. ಅವರ ಮುಖ ಸಡಿಲಾಯಿತು. ಕಂಪ್ಯೂಟರುಗಳನ್ನು ಹೊರಗಿನವರ ಕೈಗೆ ಕೊಡುವ ಯೋಚನೆ ತಮಗೆ ಮೊದಲಿಂದಲೂ ಇತ್ತು ಎನ್ನುವ ಧಾಟಿಯಲ್ಲಿ ಶುರು ಮಾಡಿದರು.

ಭಾವ ಅಲ್ಲಿಗೆ ತಡೆದ. ಮೈದುನನ ಮೇಲೆ ಕರುಣೆ ಬಂದು ಅಲ್ಲ. ತನ್ನ ಸಿಟ್ಟನ್ನು ಬೇರೆಯವರು ಬಳಸಿಕೊಳ್ಳುವುದು ಅವನಿಗೆ ಸೇರುತ್ತಿರಲಿಲ್ಲ.

“ಯಂತ್ರಕ್ಕೆ ಸುಳ್ಳು ಹೇಳಿಕೊಟ್ಟವನು ಇವನು. ಹೇಳಿಕೊಡು ಅಂದವನು ನಾನು. ಕಾಣಲ್ಲ, ಕಾಣಲ್ಲ ಅಂತ ಬಡ್ಕೊಂಡಾಗ ತಿರುಗಿ ನೋಡದೆ ಇದ್ದವರು ನೀವಿಬ್ರೂ. ಹಂಚಿದ್ರೆ ಮೂರು ಜನಕ್ಕೂ ಬರುತ್ತೆ ಸಾರ್. ನಿಮ್ಮ ಪಾಲು ಬಿಟ್ಟುಕೊಡೋ ಹಾಗಿಲ್ಲ.”

ಮ್ಯಾನೇಜರು ಸ್ವಲ್ಪ ಹೊತ್ತು ಗೋಡೆಯ ಮೇಲಿನ ತಮ್ಮ ಕಾಗದ ಉಳಿಸುವ ಅಪ್ಪಣೆಯನ್ನು ಓದಿದರು. ಆಮೇಲೆ, ಮಡಿಸುವ ವಿಭಾಗದಲ್ಲಿ ಹೇಗೂ ಸದ್ಯಕ್ಕೆ ಕುರ್ಚಿ ಖಾಲಿಯಿಲ್ಲವೆಂದು ಹೇಳಿದರು. ಹೃದಯದ ಮಾತ್ರೆಯ ಪುಟವನ್ನು ತಿದ್ದಿ ಇವತ್ತೇ ಮರು ಅಚ್ಚಿಗೆ ಕಳಿಸಬೇಕು, ಸಹಿ ಯಾರದಾದರೂ ಸರಿ, ಅಂದರೆ ಭಾವನದು ಎಂದರು. ಕ್ಷಮೆ ಕೇಳಲು ಬಾರದವರು ಕೆಲಸ ಹೇಳುತ್ತಾರೆ. ಹೇಳಿ, ಯಾರ ಮುಖವನ್ನೂ ನೋಡದೆ ಕೋಣೆಗೆ ಹೋದರು.

ಮೈದುನ ಸಾಲು ಅಳಿಸಿ ಯಂತ್ರವನ್ನು ಮತ್ತೆ ಎಬ್ಬಿಸಿದ. ಪ್ರೋಗ್ರಾಮು ಎದ್ದು, ಹೆಸರು ಓದಿ, ಸಣ್ಣಮನೆಯನ್ನು ಗುರುತಿಸಿ, ಬೆಳ್ಳಗೆ ತೆರೆದುಕೊಂಡಿತು. ಚುಕ್ಕೆಗಳೆಲ್ಲ ತಂತಮ್ಮ ಜಾಗದಲ್ಲಿ ಕೂತಿದ್ದವು. ಮೈದುನ ನಿಟ್ಟುಸಿರು ಬಿಟ್ಟು, ನೋಡಿದಿರಾ, ಹೆಸರು ಸರಿ ಇದ್ದರೆ ಅದು ತಾನೇ ಸರಿಯಾಗಿ ಕಂಡುಹಿಡಿಯುತ್ತದೆ ಎಂದ. ಅವನ ದನಿಯಲ್ಲಿ ಹೆಮ್ಮೆ ಆಗಲೇ ವಾಪಸು ಬಂದಿತ್ತು. ಭಾವನಿಗೆ ಅದು ಸಾಕಾಯಿತು.

“ಹೆಸರು ಸರಿ ಇದ್ರೆ. ನಾಳೆ ಇನ್ಯಾವನೋ ಇನ್ನೊಂದು ಹೆಸರು ಕಟ್ತಾನೆ, ಆಗ ಮತ್ತೆ ಕಪ್ಪು. ಯಂತ್ರನ ಕೇಳ್ತೀಯ, ಕಪಾಟು ಕೇಳ್ತೀಯ, ಕೂತಿರೋನನ್ನ ಕೇಳಲ್ಲ. ಆ ಮೆನು ವಾಪಸ್ ಬರೋವರೆಗೂ ನಾನು ಸಹಿ ಹಾಕಲ್ಲ. ಬೇಕಾದ್ರೆ ಹೋಗಿ ಮಡಿಸ್ತೀನಿ.”

ಈಗಷ್ಟೇ ಮರಳಿ ಸಿಕ್ಕಿದ್ದನ್ನು ಹೀಗೆ ಮತ್ತೆ ಪಣಕ್ಕಿಡುವ ಮನುಷ್ಯನ ಜೊತೆ ವಾದ ಮಾಡಿ ಪ್ರಯೋಜನವಿಲ್ಲ. ಮೈದುನ ಅಲ್ಲೇ, ಭಾವನ ಕುರ್ಚಿಯಲ್ಲೇ ಕೂತು ಮೆನುವನ್ನು ಮತ್ತೆ ಬರೆದ. ಮುಗಿಯುವಷ್ಟರಲ್ಲಿ ಮಧ್ಯಾಹ್ನ ಇಳಿದಿತ್ತು. ಅವನ ಹೊಟ್ಟೆ ಗುರುಗುಟ್ಟುವುದು ಪಕ್ಕದ ಮೇಜಿಗೂ ಕೇಳುತ್ತಿತ್ತು. ಮುಗಿಸಿ, ಗಂಟಲು ಸರಿಮಾಡಿಕೊಂಡು, ಯಾವ ಬಣ್ಣ ಬೇಕು ಭಾವ ಎಂದು ಕೇಳಿದ.

ಭಾವ ಆರಿಸಲು ಶುರುಮಾಡಿದ. ಅಪ್ಪಟ ಬಿಳಿ ಆಸ್ಪತ್ರೆಯ ಗೋಡೆಯ ಹಾಗಿದೆ ಎಂದ. ಕೆನೆಬಣ್ಣ ತೋರಿಸಿದರೆ ಹಳೇ ಹಲ್ಲಿನ ಹಾಗಿದೆ ಎಂದ. ಒಂದು ತೆಳು ಹಸಿರನ್ನು ಬಹಳ ಹೊತ್ತು ನೋಡಿ, ಇದನ್ನು ಯಾರು ಕಂಡುಹಿಡಿದರೋ ಅವರ ಮನೆಗೇ ಇರಲಿ ಎಂದ. ಮೈದುನ ಒಂದೊಂದಾಗಿ ಬದಲಿಸುತ್ತ ಹೋದ. ಇದು ಆಯ್ಕೆಯಲ್ಲ, ಶಿಕ್ಷೆ ಎಂಬುದು ಅವನಿಗೆ ಏಳನೆಯ ಬಣ್ಣದ ಹೊತ್ತಿಗೆ ತಿಳಿಯಿತು. ಕೊನೆಗೆ ಭಾವ ಮೊದಲು ತೋರಿಸಿದ್ದ ಅಪ್ಪಟ ಬಿಳಿಯನ್ನೇ ಹಾಕಿಸಿಕೊಂಡ.

ಮೈದುನ ಎದ್ದ. ಭಾವ ತನ್ನ ಕುರ್ಚಿಯಲ್ಲಿ ಕೂತು, ಪಕ್ಕದ ಮೇಜಿನಿಂದ ಒಂದು ಸ್ಟೂಲು ಎಳೆದು ತೋರಿಸಿದ. ತಪ್ಪು ತೋರಿಸಲು ಕಂಪನಿಯವರು ಕಳಿಸಿದ್ದ ಮೂಲಪ್ರತಿಯ ಕಾಗದವನ್ನು ಅವನ ಕೈಗೆ ಕೊಟ್ಟ. ಹಿಂದೆ ಪ್ರೆಸ್ಸಿನಲ್ಲಿ ಹಾಗೆಯೇ ಓದುತ್ತಿದ್ದರು, ಇಬ್ಬರು ಕೂತು. ಒಬ್ಬ ಪುಟವನ್ನು ಚುಕ್ಕೆ ಸಮೇತ ಗಟ್ಟಿಯಾಗಿ ಓದುವುದು, ಇನ್ನೊಬ್ಬ ಮೂಲ ನೋಡಿ ಹೂಂಗುಟ್ಟುವುದು. ಅಕ್ಕ ಕಾಯುತ್ತಿರುತ್ತಾಳೆ, ಊಟ ಮಾಡಿ ಬಂದು ಕೂರಲೇ ಎಂದು ಮೈದುನ ಕೇಳಿದ. ಭಾವ ಕೇಳಿಸದವನಂತೆ ಕನ್ನಡಕ ಒರೆಸಿ ಹಾಕಿಕೊಂಡ.

“ವಯಸ್ಕರಿಗೆ, ಅಲ್ಪವಿರಾಮ, ದಿನಕ್ಕೆ ಒಂದು ಸಲ, ಅಲ್ಪವಿರಾಮ, ಎರಡು, ಚುಕ್ಕೆ, ಐದು ಮಿಲಿಗ್ರಾಂ, ಚುಕ್ಕೆ.”

ಮೈದುನ ಹಾಳೆಯ ಮೇಲೆ ಬೆರಳಿಟ್ಟು ಸಾಲು ಹುಡುಕುತ್ತಿದ್ದ. ಅಕ್ಷರಗಳು ನಿಜವಾಗಿಯೂ ಇರುವೆಯ ಕಾಲಿನಷ್ಟು.

“ಹೂಂ ಅನ್ನು,” ಎಂದ ಭಾವ.

“ಹೂಂ.”

“ನೋಡಿ ಅನ್ನು.”

ಮೈದುನ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಮೂಗಿನ ಹತ್ತಿರ ತಂದು, ನೋಡಿದ. ಹೂಂ ಎಂದ. ಭಾವ ಮುಂದಿನ ಸಾಲಿಗೆ ಹೋದ. ಹಾಳೆಯ ಎರಡು ಬದಿಯೂ ಓದಿ ಮುಗಿಸುವವರೆಗೆ ಅವನು ಆ ಸ್ಟೂಲಿನಿಂದ ಮೈದುನನನ್ನು ಏಳಗೊಡಲಿಲ್ಲ.